ಅಮ್ಮನ ಇಂಚು

ಮಡಿಸಿದ ಹಳೆಯ ಹಾಸುಬಟ್ಟೆಗಳ ರಾಶಿಯನ್ನು ಗಲ್ಲದವರೆಗೆ ಹೊತ್ತುಕೊಂಡು ಅವಳು ಮುಂಗೋಣೆಗೆ ಬಂದಾಗ, ಕಿಟಕಿಯ ಮೇಲೆ ಒಬ್ಬ ಅಪರಿಚಿತ ಗಂಡಸು ಕುಳಿತಿದ್ದ.

ಒಂದು ಕಾಲು ಮನೆಯೊಳಗೆ, ಇನ್ನೊಂದು ಕಾಲು ಬೀದಿಯ ಕಡೆಗೆ. ಕಿತ್ತ ಸರಳುಗಳು ಗೋಡೆಗೆ ಒರಗಿದ್ದವು. ಮನೆಯಲ್ಲಿ ಬೇರೆ ಯಾರ ಸದ್ದೂ ಇರಲಿಲ್ಲ.

ಹಗಲು ಹನ್ನೊಂದು ಗಂಟೆಗೇ ಕಳ್ಳತನವೇ...

ಅವಳು ಕೂಗಲಿಲ್ಲ. ರಾಶಿಯನ್ನು ನೆಲಕ್ಕಿಳಿಸಿ, ಅದರ ಮೇಲಿದ್ದ ಕತ್ತರಿಯನ್ನು ಕೈಗೆ ತೆಗೆದುಕೊಂಡಳು.

“ಇಳೀರಿ ಕೆಳಗೆ.”

ಅವನು ಕತ್ತರಿಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. “ಯಾವ ಕಡೆ ಇಳೀಲಿ? ಆ ಕಡೆ ಚರಂಡಿ ಇದೆ, ಈ ಕಡೆ ನಿಮ್ಮ ಕತ್ತರಿ ಇದೆ.”

“ಯಾರು ನೀವು?”

“ಬಡಗಿ. ನಿಮ್ಮ ತಂದೆ ಬರೋಕೆ ಹೇಳಿದ್ರು. ಕಿಟಕಿ ಚೌಕಟ್ಟಿಗೆ ಗೆದ್ದಲು ಹಿಡಿದಿದೆಯಂತೆ.”

“ನಮ್ಮ ತಂದೆ ಏನು ಕೆಲಸ ಮಾಡ್ತಾರೆ?”

“ಬಸ್ ಓಡಿಸ್ತಾರೆ.”

“ಅದು ಬೀದಿಗೆಲ್ಲ ಗೊತ್ತು. ಅವರ ಕನ್ನಡಕ ಹೇಗಿದೆ ಹೇಳಿ.”

ಅವನು ಕಿವಿಯ ಹಿಂದಿನ ಪೆನ್ಸಿಲನ್ನು ಸರಿಪಡಿಸಿಕೊಂಡು ಯೋಚಿಸಿದ. “ಓದೋವಾಗ ಮಾತ್ರ ಹಾಕ್ತಾರೆ. ಒಂದು ಕಡ್ಡಿ ಮುರಿದಿದೆ. ದಾರ ಸುತ್ತಿದಾರೆ.” ಮತ್ತೆ ಒಂದು ಕ್ಷಣ ತಡೆದು ಹೇಳಿದ: “ನೀಲಿ ದಾರ.”

ಕತ್ತರಿ ಕೆಳಗಿಳಿಯಿತು, ಅರ್ಧ ಮಾತ್ರ. ಆ ನೀಲಿ ದಾರವನ್ನು ಸುತ್ತಿದವಳು ಅವಳೇ.

ಮನೆಯವರು ಅವಳನ್ನು ‘ಪತ್ತೇದಾರಿ’ ಎಂದು ಕರೆಯುತ್ತಿದ್ದುದು ಸುಮ್ಮನೆ ಹುಟ್ಟಿದ ರೂಢಿಯಲ್ಲ. ಮೂರು ವರ್ಷಗಳ ಹಿಂದೆ ಅವಳಿಗೆ ಒಂದು ಸಂಬಂಧ ನಿಶ್ಚಯವಾಗಿತ್ತು. ವರ ದೊಡ್ಡ ಕಚೇರಿಯೊಂದರಲ್ಲಿ ಅಧಿಕಾರಿ ಎಂದು ಹೇಳಿದ್ದರು. ಅವನ ಮಾತೆಲ್ಲ ಸಕ್ಕರೆ. ಆದರೂ ಅವಳು ಒಂದು ದಿನ ಯಾರಿಗೂ ತಿಳಿಸದೆ ಆ ಕಚೇರಿಗೆ ಹೋಗಿ ವಿಚಾರಿಸಿದಳು. ಆ ಹೆಸರಿನವನು ಅಲ್ಲಿ ಯಾರೂ ಇರಲಿಲ್ಲ. ಮದುವೆ ಮುರಿಯಿತು. ಅನುಮಾನವೇ ತನ್ನನ್ನು ಕಾಪಾಡಿತೆಂದು ಅವಳು ನಂಬಿದಳು. ಅನುಮಾನವನ್ನೇ ಇವಳು ಕಟ್ಟಿಕೊಂಡಳೆಂದು ಹಿಂಗೋಣೆಯಲ್ಲಿದ್ದ ಸೋದರತ್ತೆ ಆಡಿಕೊಂಡಳು.

ಈಗ ಮನೆಯಲ್ಲಿ ತುರ್ತು ಕೆಲಸ ಬಂದಿತ್ತು. ಮದುವೆಯಾಗಿ ದೂರದಲ್ಲಿದ್ದ ಅಕ್ಕ ತನ್ನ ಮೂರು ತಿಂಗಳ ಕೂಸಿನೊಂದಿಗೆ ತಿಂಗಳ ಕೊನೆಗೆ ಬಂದು ಕೆಲಕಾಲ ಇರುವವಳಿದ್ದಳು. ಮುಂಗೋಣೆಯನ್ನು ಅವಳಿಗೆ ಸಿದ್ಧಗೊಳಿಸಬೇಕು. ಹೊಸ ಕಿಟಕಿಗಳು, ಕಿಟಕಿಯ ಕೆಳಗೆ ಕೂಸಿಗೆ ಹಾಲೂಡಿಸಲು ಒಂದು ಮರದ ಪೀಠ. ಇಷ್ಟು ಬಡಗಿಯ ಪಾಲು. ಪರದೆ, ಮೆತ್ತೆ, ಕೂಸಿನ ಹೊದಿಕೆ ಪತ್ತೇದಾರಿಯ ಪಾಲು. ಅಂಗಡಿಯಿಂದ ತರುವ ಮಾತೇ ಇಲ್ಲ. ಎಲ್ಲವೂ ಅರೆಪೆಟ್ಟಿಗೆಯಿಂದಲೇ ಆಗಬೇಕು.

ಅರೆಪೆಟ್ಟಿಗೆ ಎಂದರೆ ಅಮ್ಮನ ತಗಡಿನ ಪೆಟ್ಟಿಗೆ. ಅದರಲ್ಲಿದ್ದುದೆಲ್ಲ ಅರೆಬರೆ. ಅಪ್ಪನ ಹಳೆಯ ಸಮವಸ್ತ್ರಗಳನ್ನು ಕತ್ತರಿಸಿ ಮೂರು ಬದಿ ಹೊಲಿದು ಬಿಟ್ಟ ಗವುಸುಗಳು, ಹನ್ನೊಂದೇ ಚೌಕಕ್ಕೆ ನಿಂತ ಉಣ್ಣೆಯ ಹೊದಿಕೆ, ಹೆಣಿಗೆ ಪುಸ್ತಕದ ಅಳತೆ ನೋಡಿ ಹೆಣೆದು, ಅಪ್ಪನ ಭುಜಕ್ಕೆ ತುಸು ದೊಡ್ಡದಾಗಿ, ಒಂದೇ ತೋಳಿಗೆ ಕೈಬಿಟ್ಟ ಸ್ವೆಟರು.

ಅಮ್ಮ ಒಂದು ಕಾಲಕ್ಕೆ ಅರ್ಧ ಬೀದಿಗೆ ಹೊಲಿದುಕೊಟ್ಟವಳು. ಎಂಟು ವರ್ಷಗಳ ಹಿಂದೆ ಒಂದು ವಸತಿಗೃಹದ ಮೇಲ್ವಿಚಾರಕ ಮೂವತ್ತು ಕಿಟಕಿಗಳ ಅಳತೆಯನ್ನು ಕಾಗದದಲ್ಲಿ ಬರೆದು ಕಳಿಸಿದ್ದ. ಅಮ್ಮ ಎರಡು ತಿಂಗಳು ಕೂತು ಹೊಲಿದಳು. ಮೂವತ್ತೂ ಪರದೆ ಉದ್ದವಾಗಿ ಹಿಂದಿರುಗಿ ಬಂದವು. ಕಾಗದದಲ್ಲಿ ಇದ್ದಷ್ಟೇ ಅಳೆದಿದ್ದೇನೆ ಎಂದು ಅಮ್ಮ ಹೇಳಲು ಹೋದಾಗ ಆ ಮನುಷ್ಯ ನಾಲ್ಕು ಜನರ ಮುಂದೆ ನಕ್ಕು ಅಂದನಂತೆ: “ಕುಣೀಲಾರದವಳು ನೆಲ ಡೊಂಕು ಅಂದಳಂತೆ.”

ಮನೆಗೆ ಬಂದ ಅಮ್ಮ ಹೊಲಿಗೆಯಂತ್ರಕ್ಕೆ ಮುಸುಕು ಹಾಕಿದಳು. ಕಣ್ಣಿಗೆ ಏನೂ ಆಗಿಲ್ಲ ಎಂದು ವೈದ್ಯರು ಎರಡು ಸಲ ಹೇಳಿದರೂ ನಂಬಲಿಲ್ಲ. ಕಣ್ಣು ಕೈಕೊಟ್ಟಿತು ಎಂಬುದೊಂದೇ ಮಾತು. ಅಂದಿನಿಂದ ಹೇಳಿಕೊಡುವುದು ಅಮ್ಮ, ಸೂಜಿ ಹಿಡಿಯುವುದು ಮಗಳು. ಆದರೆ ತವರಿನಿಂದ ತಂದಿದ್ದ ಹಳದಿ ಬಟ್ಟೆಯ ಟೇಪು ಮಾತ್ರ ಅಮ್ಮನ ಕೊರಳಲ್ಲಿ ಈಗಲೂ ಜೋತಾಡುತ್ತಿತ್ತು. ಮಗಳು ಕೇಳಿದಾಗಲಷ್ಟೇ ಅದು ಕೆಳಗಿಳಿಯುತ್ತಿತ್ತು.

ಅರೆಪೆಟ್ಟಿಗೆ ಖಾಲಿಯಾದ ದಿನ ಅಮ್ಮ ಒಮ್ಮೆ ನಕ್ಕಾಳು... ಪತ್ತೇದಾರಿಗೆ ಇದ್ದ ಆಸೆ ಅದೊಂದೇ.

* * *

ಬಡಗಿ ಪೀಠದ ಅಳತೆಯನ್ನು ಮರದ ಚಕ್ಕೆಯೊಂದರ ಮೇಲೆ ಬರೆದುಕೊಟ್ಟ. ಉದ್ದ ಐವತ್ತನಾಲ್ಕು ಇಂಚು. ಅವಳು ಅಮ್ಮನ ಟೇಪು ಹಿಡಿದು ಗವುಸು ಹೊಲಿದಳು. ಹರಿದ ಬಟ್ಟೆಗಳನ್ನು ಎಳೆ ಎಳೆಯಾಗಿ ಕತ್ತರಿಸಿ ತುಂಬಿದಳು. ಐದು ದಿನಗಳ ಕೆಲಸ. ಆರನೆಯ ದಿನ ಪೀಠ ಸಿದ್ಧವಾಯಿತು. ಮೆತ್ತೆಯನ್ನು ತಂದು ಹಾಸಿದರೆ ಅದರ ತುದಿ ಗೋಡೆಗೆ ಒತ್ತಿ, ಮುದಿ ಬೆಕ್ಕಿನ ಬೆನ್ನಿನಂತೆ ಮೇಲೆದ್ದು ನಿಂತಿತು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ,” ಎಂದಳು ಅತ್ತೆ ಬಾಗಿಲಲ್ಲಿ ನಿಂತು. “ಇಲ್ಲಿ ಹಾಸಿಗೇನೇ ಕಾಲು ಚಾಚಿದೆ.”

ಪತ್ತೇದಾರಿ ನಗಲಿಲ್ಲ. ಮಂಡಿಯೂರಿ ಕುಳಿತು ಪೀಠಕ್ಕೆ ಟೇಪು ಹಿಡಿದಳು. ಐವತ್ತಮೂರು. ಮತ್ತೊಮ್ಮೆ ಹಿಡಿದಳು. ಐವತ್ತಮೂರೇ.

ಹೊಸ ಕಿಟಕಿಯೊಂದಕ್ಕೆ ಹಿಡಿದಳು. ನಲವತ್ತೆಂಟು ಇರಬೇಕಾದದ್ದು ನಲವತ್ತೇಳು. ಎಲ್ಲದರಲ್ಲೂ ಒಂದೊಂದು ಇಂಚು ಮರ ನುಂಗಿದಾನೆ!

ಅಪ್ಪ, ಅಮ್ಮ, ಅತ್ತೆ ಮೂವರ ಎದುರಿಗೇ ಅವಳು ಅವನನ್ನು ಕೇಳಿದಳು. “ಐವತ್ತನಾಲ್ಕು ಅಂತ ಬರೆದುಕೊಟ್ರಿ. ಐವತ್ತಮೂರಿದೆ. ಆ ಒಂದು ಇಂಚು ಎಲ್ಲಿ ಹೋಯ್ತು?”

ಬಡಗಿ ಅಚ್ಚರಿಯಿಂದ ಪೀಠವನ್ನು ನೋಡಿದ. ಟೇಪನ್ನು ಅವಳ ಕೈಯಿಂದ ಕೇಳಿ ಪಡೆದ. ಅದನ್ನು ಬೆರಳುಗಳ ನಡುವೆ ಮೆಲ್ಲನೆ ಓಡಿಸಿದ. ಅವನ ಬಲಗೈ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಉಕ್ಕಿನ ಟೇಪಿನ ಕಡೆಗೆ ಹೋಯಿತು.

ಅಷ್ಟರಲ್ಲಿ ಅಮ್ಮ ಮಾತಾಡಿದಳು. “ಟೇಪಿನ ಮೇಲೆ ಅನುಮಾನ ಬೇಡಪ್ಪ. ಕಣ್ಣು ನನಗೆ ಮೋಸ ಮಾಡ್ತು, ಕೈ ಮೋಸ ಮಾಡ್ತು. ಇಪ್ಪತ್ತೈದು ವರ್ಷದಿಂದ ಮೋಸ ಮಾಡದೆ ಜೊತೇಲಿರೋದು ಇದೊಂದೇ.”

ಅವನು ಅಮ್ಮನ ಮುಖವನ್ನು ನೋಡಿದ. ಸೊಂಟದ ಕಡೆಗೆ ಹೋಗಿದ್ದ ಕೈ ಬರಿದಾಗಿಯೇ ಹಿಂದಿರುಗಿತು.

“ತಪ್ಪು ನನ್ನದಿರಬಹುದು,” ಎಂದ ತಗ್ಗಿದ ದನಿಯಲ್ಲಿ. “ಸರಿ ಮಾಡಿಕೊಡ್ತೀನಿ.”

ಪತ್ತೇದಾರಿಯ ಕಣ್ಣಿಗೆ ಆ ಹಿಂದಿರುಗಿದ ಕೈ ತಪ್ಪಲಿಲ್ಲ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಲೋಕಕ್ಕೆಲ್ಲ ಗೊತ್ತು. ಇವನು ಸೊಂಟ ಮುಟ್ಟಿ ನೋಡಿಕೊಂಡ, ಅಷ್ಟೇ ವ್ಯತ್ಯಾಸ.

ಅಂದಿನಿಂದ ಅವಳ ಹೊಲಿಗೆಯೆಲ್ಲ ಅವನು ಕೆಲಸ ಮಾಡುವ ಕಡೆಗೇ ಮುಖ ಮಾಡಿ ನಡೆಯಿತು.

* * *

ಮರುವಾರ ಪೀಠದ ತುದಿಗೆ ಒಂದು ಇಂಚಿನ ಪಟ್ಟಿ ಸೇರಿಕೊಂಡಿತು. ಎಲ್ಲಿ ಸೇರಿಸಿದನೆಂದು ಹುಡುಕಿದರೂ ಕಾಣದಷ್ಟು ನಯವಾದ ಜೋಡಣೆ. ಮೆತ್ತೆ ಹಾಸಿದಾಗ ಅದು ಅಚ್ಚಿಗೆ ಎರೆದಂತೆ ಕೂತಿತು. ಟೇಪು ಹಿಡಿದರೆ ಐವತ್ತನಾಲ್ಕಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಮೆಯಿಲ್ಲ.

ಕಳ್ಳನನ್ನು ಹಿಡಿದರೆ ಮಾತ್ರ ಸರಿ ಅಳತೆ ಬರುತ್ತದೆ ಎಂದು ಅವಳು ಗೆಲುವಿನಿಂದ ಅಂದುಕೊಂಡಳು. ಆ ಗೆಲುವಿಗೆ ಏಕೋ ರುಚಿಯಿರಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಳು. ಅತ್ತೆ ನೆರೆಮನೆಗೆ ಹೋಗಿದ್ದಳು. ಪತ್ತೇದಾರಿ ಅಕ್ಕನ ಶಾಲೆಯ ಕಾಲದ ಸ್ವೆಟರನ್ನು ಬಿಚ್ಚಿ, ಆ ಉಣ್ಣೆಯನ್ನು ಬಿಸಿನೀರಿನಲ್ಲಿ ಅದ್ದಿ, ಭಾರ ಕಟ್ಟಿ ಒಣಗಿಸಿದ್ದಳು. ಬಿಚ್ಚಿದ ಉಣ್ಣೆ ಹಳೆಯ ಹೆಣಿಗೆಯ ಸುಕ್ಕನ್ನು ಸುಲಭವಾಗಿ ಮರೆಯುವುದಿಲ್ಲ. ಅದಕ್ಕೆ ಇಷ್ಟು ಉಪಚಾರ ಬೇಕು. ಇನ್ನು ಉಂಡೆ ಸುತ್ತಬೇಕು. ಲಡಿಯನ್ನು ಹಿಡಿಯಲು ಎರಡು ಕೈ ಬೇಕು.

“ಸ್ವಲ್ಪ ಕೈ ಚಾಚಿ,” ಎಂದಳು ಬಡಗಿಗೆ.

ಅವನು ಉಳಿಯನ್ನು ಕೆಳಗಿಟ್ಟು, ಅಂಗೈಯ ಹೊಟ್ಟನ್ನು ಒರೆಸಿಕೊಂಡು, ಕೈ ಚಾಚಿ ಕುಳಿತ. ಅವಳು ಕೆಂಪು ಉಣ್ಣೆಯ ಲಡಿಯನ್ನು ಅವನ ಎರಡೂ ಮುಂಗೈಗಳಿಗೆ ಹಾಕಿದಳು.

“ಕೈಕೋಳ ಹಾಕಿದ ಮೇಲೆ ವಿಚಾರಣೆ ಇರಬೇಕಲ್ಲ,” ಎಂದ ಅವನು.

ವಿಚಾರಣೆ ನಡೆದೇ ನಡೆಯಿತು. ಎಲ್ಲಿಯವನು, ಕೆಲಸ ಕಲಿಸಿದವರಾರು, ಬಂಧುಬಳಗ ಯಾರು ಎಂದು ಅವಳು ಉಂಡೆ ಸುತ್ತುತ್ತ ಕೇಳಿದಳು. ತಾಯಿ ಬಟ್ಟೆ ಒಗೆಯುವ ಕೆಲಸ ಮಾಡಿ ಬೆಳೆಸಿದ್ದು, ಅವಳು ತೀರಿಕೊಂಡು ಐದು ವರ್ಷವಾದದ್ದು, ಆಮೇಲೆ ಒಬ್ಬನೇ ಇರುವುದು. ಎಲ್ಲವನ್ನೂ ಅವನು ಕೇಳಿದಷ್ಟಕ್ಕೇ ಹೇಳಿದ.

“ಮದುವೆ ಯಾಕಾಗಿಲ್ಲ?”

“ಬೇರೆಯವರ ಮನೆಗೆ ಬಾಗಿಲು ಮಾಡೋದ್ರಲ್ಲೇ ಹೊತ್ತು ಹೋಯ್ತು. ನನ್ನ ಮನೆ ಬಾಗಿಲಿಗೆ ಇನ್ನೂ ಚಿಲಕ ಕೂಡಾ ಹಾಕಿಲ್ಲ.”

“ಬಡಗಿ ಮನೆಗೆ ಚಿಲಕ ಇಲ್ವಾ? ಯಾರಾದ್ರೂ ನುಗ್ಗಿದ್ರೆ?”

“ಬಂದವರು ಕೂತು ಹೋಗ್ತಾರೆ. ಕದಿಯೋಕೆ ಏನಿದೆ?”

ಉಣ್ಣೆಯ ಎಳೆ ಅವನ ಹೆಬ್ಬೆರಳಿಗೆ ತೊಡರಿಕೊಂಡಿತು. ಬಿಡಿಸಲು ಅವಳು ಬಾಗಿದಳು. ಮರದ ಹೊಟ್ಟಿನ ವಾಸನೆ, ಅವನ ಉಸಿರಿನ ಸದ್ದು... ಅವಳ ಬೆರಳು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಅಲ್ಲಿ ನಿಂತಿತು.

ಇವನು ಕಳ್ಳ. ಮರೆಯಬೇಡ.

ಮರುದಿನ ಸೂಜಿ ತರುವ ನೆಪದಲ್ಲಿ ಅವಳು ಅವನ ಬೀದಿಗೆ ಹೋದಳು. ಕೆಲಸದ ಕೊಟ್ಟಿಗೆಯ ಹಿಂದೆಯೇ ಅವನ ಮನೆ. ಬಾಗಿಲನ್ನು ಬೆರಳಿನಿಂದ ಮೆಲ್ಲನೆ ತಳ್ಳಿದಳು, ಅದು ತೆರೆಯಿತು. ನಿಜಕ್ಕೂ ಚಿಲಕವಿರಲಿಲ್ಲ. ಅವನ ತಾಯಿಯ ಬಗ್ಗೆ ಮೂಲೆಯ ಅಂಗಡಿಯವಳನ್ನು ಕೇಳಿದಳು, ಅದೂ ನಿಜ. ಹೇಳಿದ್ದೆಲ್ಲವೂ ನಿಜವಾಗಿರುವ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಅದರಿಂದಾಗಿ ಅವಳ ಅನುಮಾನ ಇಮ್ಮಡಿಸಿತು.

“ಅವನು ಕಿಟಕಿ ಅಳೀತಾನೆ, ನೀನು ಅವನನ್ನ ಅಳೀತೀಯ,” ಎಂದಳು ಅತ್ತೆ. “ಕೊನೆಗೆ ಯಾರ ಅಳತೆ ಯಾರಿಗೆ ಸಿಗುತ್ತೋ ನೋಡೋಣ.”

* * *

ಕೂಸಿನ ಹೊದಿಕೆಗೆ ಇನ್ನೊಂದೇ ಕೆಲಸ ಉಳಿದಿತ್ತು. ಹನ್ನೊಂದು ಚೌಕ ಮೂವತ್ತಾಗಿ, ಅಂಚು ಕೂಡಿ, ಒಳಗೆ ಮೆತ್ತನೆಯ ಅಸ್ತರು ಕೊಡಬೇಕಿತ್ತು. ಅಸ್ತರಿಗೆ ಮಾತ್ರ ಹಳೆಯ ಬಟ್ಟೆ ಒಗ್ಗಲಿಲ್ಲ. ಬಟ್ಟೆಯಂಗಡಿಯಿಂದ ಒಂದು ಮೀಟರು ತಂದಳು. ಮನೆಗೆ ಬಂದು ಅಳೆದರೆ ಮೂವತ್ತೊಂಬತ್ತು ಇಂಚಿಗಿಂತ ಮೇಲಿರಬೇಕಾದದ್ದು ಮೂವತ್ತೆಂಟೂವರೆ!

ಅವಳು ಬಂದ ಹಾದಿಯಲ್ಲೇ ಹಿಂದಿರುಗಿದಳು. ಅಂಗಡಿಯ ಯಜಮಾನ ಮುನಿಯಲಿಲ್ಲ. ಕಬ್ಬಿಣದ ಮೀಟರುಕಡ್ಡಿಯನ್ನು ತಂದು ಅವಳ ಕಣ್ಣೆದುರಿಗೇ ಇಟ್ಟು ತೋರಿಸಿದ. ಬಟ್ಟೆ ತುದಿಯಿಂದ ತುದಿಗೆ ಸರಿಯಾಗಿತ್ತು. ಕಡ್ಡಿಯನ್ನೇ ತುಂಡರಿಸಿ ಇಟ್ಟುಕೊಂಡಿದ್ದಾನೆ ಎಂದು ಅವಳು ತೀರ್ಮಾನಿಸಿದಳು.

ಒಂದೇ ತಿಂಗಳಲ್ಲಿ ಇಬ್ಬರು ಕಳ್ಳರು. ಲೋಕ ಹೀಗೇ ಕೆಡುತ್ತಿದೆ...

ಇಪ್ಪತ್ತೆರಡನೆಯ ದಿನ ಬಡಗಿಯ ಕೆಲಸ ಮುಗಿಯುವುದಿತ್ತು. ಮಧ್ಯಾಹ್ನ ಅವನು ಊಟದ ಡಬ್ಬಿ ತೆಗೆದುಕೊಂಡು ಹಿತ್ತಿಲಿನ ನೆರಳಿಗೆ ಹೋದ. ಅವನ ಚೀಲ ಪೀಠದ ಕೆಳಗಿತ್ತು. ಇನ್ನೊಬ್ಬರ ಚೀಲಕ್ಕೆ ಕೈ ಹಾಕುವುದು ತಪ್ಪೆಂದು ಅವಳಿಗೆ ಗೊತ್ತಿತ್ತು. ಇಂದು ಬಿಟ್ಟರೆ ಮತ್ತೆ ಸಿಗುವುದಿಲ್ಲವೆಂದೂ ಗೊತ್ತಿತ್ತು. ಅವಳು ಕೈ ಹಾಕಿದಳು.

ಉಳಿ, ಉಜ್ಜುಗೊರಡು, ಮೊಳೆಯ ಡಬ್ಬಿ. ಅವುಗಳ ಕೆಳಗೆ ಕೀಲು ಹಾಕಿ ಮೂರು ಮಡಿಕೆ ಮಾಡಿದ ಒಂದು ತೆಳ್ಳನೆಯ ಮರದ ಪಟ್ಟಿ, ಅದರುದ್ದಕ್ಕೂ ಪೆನ್ಸಿಲಿನಲ್ಲಿ ಎಳೆದ ಗೆರೆಗಳು, ಅಂಕಿಗಳು. ಪಕ್ಕದಲ್ಲಿ ಅವನ ಉಕ್ಕಿನ ಟೇಪು. ಪಟ್ಟಿಯನ್ನು ಬಿಡಿಸಿ ಎರಡನ್ನೂ ಅಕ್ಕಪಕ್ಕ ಹಿಡಿದಳು. ಅಂಕಿಗಳು ಹೊಂದಲಿಲ್ಲ. ಕೊನೆಕೊನೆಗೆ ಒಂದು ಇಂಚಿನ ಅಂತರ!

ಸಿಕ್ಕಿತು. ಕಳ್ಳ ಅಳತೆಗೋಲು.

ಗೆದ್ದ ಸಂತೋಷವಿರಬೇಕಾಗಿದ್ದ ಜಾಗದಲ್ಲಿ ಅಳು ಬರುತ್ತಿತ್ತು. ಇವನೂ ಹಾಗೇನಾ? ಇವನೂ...

ಪಟ್ಟಿಯನ್ನು ಮಡಚಿ ಸೆರಗಿನೊಳಗೆ ಮುಚ್ಚಿಕೊಂಡು ಒಳಗೋಣೆಗೆ ಹೋಗಿ ಬಾಗಿಲು ಹಾಕಿದಳು. ಸುಳ್ಳನ್ನು ಸಾಬೀತು ಮಾಡಲು ಅದನ್ನು ಬಿಡಿಸಿಟ್ಟು ಅಮ್ಮನ ಟೇಪನ್ನು ಅದರ ಮೇಲೆ ಹಾಸಿದಳು.

ಒಂದಕ್ಕೆ ಒಂದು. ಎರಡಕ್ಕೆ ಎರಡು. ಹತ್ತು, ಇಪ್ಪತ್ತು, ನಲವತ್ತು, ಐವತ್ತನಾಲ್ಕು. ಪ್ರತಿಯೊಂದು ಗೆರೆಯೂ ಅಮ್ಮನ ಟೇಪಿನ ಗೆರೆಯ ಮೇಲೇ ಕೂತಿತು.

ಅವಳು ಅಪ್ಪನ ಮೇಜಿನಿಂದ ಅಡಿಪಟ್ಟಿಯನ್ನು ತಂದಳು. ಹನ್ನೆರಡು ಇಂಚಿನ ಅಡಿಪಟ್ಟಿ ಅಮ್ಮನ ಟೇಪಿನಲ್ಲಿ ಹನ್ನೊಂದು ಮುಕ್ಕಾಲಿಗೇ ಮುಗಿದುಹೋಯಿತು.

ಬಡಗಿ ಕಳ್ಳ. ಬಟ್ಟೆಯಂಗಡಿಯವನು ಕಳ್ಳ. ಈಗ ಅಡಿಪಟ್ಟಿ ಮಾಡಿದವನೂ ಕಳ್ಳ. ಮೂವರೂ ಒಬ್ಬರನ್ನೊಬ್ಬರು ಕಾಣದೆ, ಒಂದೇ ಪ್ರಮಾಣದಲ್ಲಿ, ಒಂದೇ ಇಂಚನ್ನು ಕದಿಯುತ್ತಿದ್ದಾರೆ...

ಇಲ್ಲ. ಊರಿಗೆ ಊರೇ ಒಂದೇ ಲೆಕ್ಕದಲ್ಲಿ ಕದಿಯುವುದಿಲ್ಲ.

ಬಟ್ಟೆಯ ಟೇಪು ಇಪ್ಪತ್ತೈದು ವರ್ಷ ಎಳೆದೆಳೆದು ಹಿಗ್ಗಿತ್ತು. ಮನೆಯವರಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ. ಮನೆಯ ಕಿಟಕಿಯನ್ನು ಅದರಲ್ಲೇ ಅಳೆದು ಪರದೆಯನ್ನು ಅದರಲ್ಲೇ ಕತ್ತರಿಸಿದರೆ ತಪ್ಪು ತಪ್ಪನ್ನು ನುಂಗಿ ಎಲ್ಲವೂ ಸರಿಹೋಗುತ್ತಿತ್ತು. ಹೊರಗಿನವರು ಬರೆದುಕೊಟ್ಟ ಅಂಕಿ ಈ ಹೊಸ್ತಿಲನ್ನು ದಾಟಿದಾಗ ಮಾತ್ರ ಲೆಕ್ಕ ತಪ್ಪುತ್ತಿತ್ತು. ಬಡಗಿಯ ಐವತ್ತನಾಲ್ಕು ದಾಟಿದಾಗ. ಹೆಣಿಗೆ ಪುಸ್ತಕದ ಅಳತೆ ದಾಟಿದಾಗ.

ಮೂವತ್ತು ಪರದೆಗಳ ಕಾಗದ ದಾಟಿದಾಗ!

ಅವಳು ಮರದ ಪಟ್ಟಿಯನ್ನು ಮಗುಚಿದಳು. ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಎರಡೇ ಪದಗಳು: ‘ಅಮ್ಮನ ಇಂಚು.’

ಅವನಿಗೆ ಗೊತ್ತಿತ್ತು. ಆವತ್ತು ಸೊಂಟಕ್ಕೆ ಹೋದ ಕೈ ಅಮ್ಮನ ಮಾತು ಕೇಳಿ ಹಿಂದಿರುಗಿತ್ತು. ಯಾವಾಗಲೋ ಅಮ್ಮನಿಂದ ಟೇಪು ಕೇಳಿ ಪಡೆದು, ಅದರ ತಪ್ಪನ್ನೆಲ್ಲ ಗೆರೆ ಗೆರೆಯಾಗಿ ಮರದ ಮೇಲೆ ಇಳಿಸಿಕೊಂಡು, ಕಳ್ಳನೆನಿಸಿಕೊಂಡೇ ಆ ತಪ್ಪಿಗೆ ಸರಿಯಾಗಿ ಪೀಠವನ್ನು ಹಿಗ್ಗಿಸಿದ್ದ.

ಹೊರಗೆ ಚೀಲದ ಸದ್ದಾಯಿತು. ಅವನು ಅಮ್ಮನಿಗೆ ಹೋಗಿ ಬರುತ್ತೇನೆಂದು ಹೇಳುತ್ತಿದ್ದ. ಅವಳು ಬಾಗಿಲು ತೆರೆಯದೆ ಪಟ್ಟಿಯನ್ನು ಮಡಿಲಲ್ಲಿ ಹಿಡಿದುಕೊಂಡೇ ಕುಳಿತಳು. ಹೆಜ್ಜೆಗಳು ಬೀದಿಗಿಳಿದವು.

* * *

ಅಮ್ಮನಿಗೆ ಹೇಳುವುದೋ ಬೇಡವೋ?

ಹೇಳಿದರೆ ಅಮ್ಮ ನಂಬಿದ್ದ ಒಂದೇ ವಸ್ತುವೂ ಹೋಗುತ್ತದೆ. ಹೇಳದಿದ್ದರೆ... ಅವನು ಹೇಳಿರಲಿಲ್ಲ. ಕರುಣೆಯಿಂದಲೇ ಹೇಳಿರಲಿಲ್ಲ. ಆದರೆ ಕರುಣೆಯ ಈ ಮೌನ ಮುಂದುವರಿದಷ್ಟು ದಿನ ಹೊಲಿಗೆಯಂತ್ರದ ಮೇಲಿನ ಮುಸುಕೂ ಹಾಗೇ ಉಳಿಯುತ್ತದೆ.

ಅವಳು ಟೇಪು, ಅಡಿಪಟ್ಟಿ, ಮರದ ಪಟ್ಟಿ ಮೂರನ್ನೂ ಅಮ್ಮನ ಮುಂದೆ ಇಟ್ಟಳು. ಇದ್ದದ್ದನ್ನು ಇದ್ದಂತೆ ಹೇಳಿದಳು.

ಅಮ್ಮ ತಾನೇ ಅಡಿಪಟ್ಟಿಯ ಮೇಲೆ ಟೇಪು ಹಾಸಿದಳು. ಎತ್ತಿದಳು. ಮತ್ತೆ ಹಾಸಿದಳು. ಅಷ್ಟು ಸಣ್ಣ ಗೆರೆಗಳನ್ನು ತಾನು ಕನ್ನಡಕವಿಲ್ಲದೆ ಓದುತ್ತಿದ್ದೇನೆಂಬುದು ಅವಳ ಗಮನಕ್ಕೆ ಬಂದಂತಿರಲಿಲ್ಲ.

“ಹಾಗಾದ್ರೆ ನನ್ನ ಕಣ್ಣು?”

“ನೆಟ್ಟಗಿದೆ ಅಮ್ಮ.”

“ಕೈ?”

“ಕೈಗೂ ಏನೂ ಆಗಿಲ್ಲ.”

“ಕುಣೀಲಾರದವಳು ನೆಲ ಡೊಂಕು ಅಂದಳಂತೆ,” ಎಂದಳು ಅಮ್ಮ ತನಗೆ ತಾನೇ. ಕಣ್ಣಿನ ನೀರು ಗಲ್ಲಕ್ಕಿಳಿಯಿತು; ಅದರ ಹಿಂದೆಯೇ ನಗು ಬಂತು. “ಅವತ್ತು ನೆಲವೇ ಡೊಂಕಾಗಿತ್ತು ಕಣೇ.”

ಬಡಗಿಗೆ ಎಲ್ಲ ಗೊತ್ತಿತ್ತೆಂದು, ಅಮ್ಮನಿಗೆ ನೋವಾದೀತೆಂದು ಬಾಯಿ ಬಿಡಲಿಲ್ಲವೆಂದು ತಿಳಿದಾಗ ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಳ್ಳೆಯವನು. ಆದ್ರೆ ಪೆದ್ದ. ಕಣ್ಣು ಹೋಯ್ತು ಅಂತ ಎಂಟು ವರ್ಷ ಕೂತೆ. ಟೇಪ್ ಹೋಯ್ತು ಅಂದಿದ್ರೆ ಮರುದಿನಾನೇ ಹೊಸದು ತರ್ತಿದ್ದೆ.”

ಆಮೇಲೆ ಎದ್ದು ಹೋಗಿ ಯಂತ್ರದ ಮುಸುಕನ್ನು ಎಳೆದಳು. ಎಂಟು ವರ್ಷದ ಧೂಳು ಹೊಸ ಕಿಟಕಿಯ ಬೆಳಕಿನಲ್ಲಿ ಎದ್ದಿತು. ಅಸ್ತರಿನ ಬಟ್ಟೆಯನ್ನು ತರಲು ಮಗಳಿಗೆ ಹೇಳಿದಳು. ಕೂಸಿನ ಹೊದಿಕೆಯ ಕೊನೆಯ ಅಂಚನ್ನು ಹೊಲಿದದ್ದು ಅಮ್ಮನ ಕೈ.

ಅರೆಪೆಟ್ಟಿಗೆಯ ತಳದಲ್ಲಿ ಒಂದೇ ವಸ್ತು ಉಳಿಯಿತು: ಒಂಟಿ ತೋಳಿನ ಸ್ವೆಟರು. ಅಮ್ಮ ಅದನ್ನು ಎತ್ತಿ ನೋಡಿದಳು. “ನಿಮ್ಮಪ್ಪನಿಗೆ ದೊಡ್ಡದು,” ಎಂದಳು, ಮಗಳ ಮುಖ ನೋಡದೆ. “ಅಗಲ ಭುಜದವರು ಯಾರಾದ್ರೂ ಇದ್ರೆ ನೋಡು.”

* * *

ಮರುದಿನ ಬೆಳಿಗ್ಗೆ ಅವಳು ಕೊಟ್ಟಿಗೆಗೆ ಹೋದಾಗ ಅವನು ಹಲಗೆಯೊಂದನ್ನು ಉಜ್ಜುತ್ತಿದ್ದ. ಸುರುಳಿ ಸುರುಳಿಯಾದ ಹೆರೆ ಅವನ ಪಾದದ ಸುತ್ತ ಬಿದ್ದಿತ್ತು. ಅವಳನ್ನು ಕಂಡು ಕೈ ನಿಂತಿತು.

“ಕಳ್ಳಮಾಲು ಹಿಂದಕ್ಕೆ ಕೊಡೋಕೆ ಬಂದೆ,” ಎಂದು ಮರದ ಪಟ್ಟಿಯನ್ನು ಹಲಗೆಯ ಮೇಲಿಟ್ಟಳು.

“ಯಾರು ಕದ್ದದ್ದು?”

“ನಾನು. ನಿಮ್ಮ ಚೀಲದಿಂದ.” ಅವಳು ಪಟ್ಟಿಯನ್ನು ಅವನ ಕಡೆಗೆ ಸರಿಸಿದಳು. “ಮನೆಯವರೆಲ್ಲರ ಮುಂದೆ ನಿಮ್ಮನ್ನ ಕಳ್ಳನ್ನ ಮಾಡಿದೆ. ತಪ್ಪಾಯ್ತು.”

ಅವನು ತಲೆ ತಗ್ಗಿಸಿದ. ಕ್ಷಮಿಸುವಂಥದ್ದು ಏನೂ ಇಲ್ಲವೆಂದು ಏನೋ ಗೊಣಗಿದ. ಆದರೆ ಅವಳು ಅಷ್ಟಕ್ಕೇ ಬಿಡುವವಳಲ್ಲ.

“ಆದ್ರೆ ನಿಮ್ಮದೂ ತಪ್ಪಿದೆ. ಸುಳ್ಳು ಹೇಳಿದ್ರಿ.”

“ನಾನು ಏನೂ ಹೇಳಲೇ ಇಲ್ಲ.”

“ಅದೇ ಸುಳ್ಳು. ನಮ್ಮಮ್ಮ ಸತ್ಯ ಕೇಳಿದ್ರೆ ಕುಸಿದುಬೀಳ್ತಾಳೆ ಅಂತ ನೀವೇ ತೀರ್ಮಾನ ಮಾಡಿದ್ರಿ. ನಿನ್ನೆ ಅವಳು ಎಂಟು ವರ್ಷದ ಮೇಲೆ ಯಂತ್ರ ತುಳಿದಳು. ಸತ್ಯ ಕೇಳಿದ್ದಕ್ಕೇ.”

ಅವನು ಹಲಗೆಯ ಅಂಚನ್ನು ಹಿಡಿದು ನಿಂತ. ಅವನ ಕಣ್ಣಿನಲ್ಲಿ ನೀರಾಡಿತು. “ಹಾಗಾದ್ರೆ ಮೊದಲ ದಿನಾನೇ ಹೇಳಬೇಕಿತ್ತು,” ಎಂದ. “ಅಮ್ಮನಿಗೆ ಬೇಸರ ಆಗಬಾರದು ಅಂದ್ಕೊಂಡೆ. ಹೇಳೋಕೆ ಧೈರ್ಯ ಸಾಲದ್ದಕ್ಕೆ ಅದು ನೆಪಾನೂ ಇರಬಹುದು. ಇನ್ನು ಮೇಲೆ ಬಾಯಿ ಮುಚ್ಕೊಳ್ಳಲ್ಲ.”

“ಇನ್ನೇನು ಮುಚ್ಚಿಟ್ಟಿದೀರಿ? ಈಗಲೇ ಹೇಳಿಬಿಡಿ.”

ಅವನು ಕಿವಿಯ ಹಿಂದಿನ ಪೆನ್ಸಿಲನ್ನು ತೆಗೆದ. ಏನು ಮಾಡಬೇಕೆಂದು ತೋರದೆ ಮತ್ತೆ ಅಲ್ಲೇ ಸಿಕ್ಕಿಸಿದ.

“ನಾಲ್ಕು ಕಿಟಕಿ, ಒಂದು ಪೀಠ. ಹೆಚ್ಚೆಂದರೆ ಹತ್ತು ದಿನದ ಕೆಲಸ. ನಾನು ಇಪ್ಪತ್ತೆರಡು ದಿನ ಬಂದೆ.” ಅವನು ಅವಳನ್ನು ನೇರವಾಗಿ ನೋಡಿದ. “ಮರ, ಅಳತೆ, ಚಿಲಕ, ಎಲ್ಲಾನೂ ಅನುಮಾನಪಟ್ರಿ. ಅನುಮಾನಪಡಬೇಕಾದ ಅದೊಂದನ್ನ ಮಾತ್ರ ಬಿಟ್ಟುಬಿಟ್ರಿ.”

ಇಷ್ಟು ದೊಡ್ಡ ಸುಳಿವು ಇಪ್ಪತ್ತೆರಡು ದಿನ ಕಣ್ಣೆದುರೇ ಕೂತಿತ್ತು. ಅವಳು ಟೇಪು ಹಿಡಿದು ಇಂಚು ಹುಡುಕುತ್ತಿದ್ದಳು. ಕಿವಿಯವರೆಗೆ ಬಿಸಿಯೇರಿತು.

“ನಿಮ್ಮ ತಂದೆ ಹತ್ರ ಮಾತಾಡೋಕೆ ಬರಲಾ?” ಎಂದು ಅವನು ಮೆಲ್ಲನೆ ಕೇಳಿದ.

“ಬನ್ನಿ. ಆದ್ರೆ ಬಾಗಿಲಿಂದ ಬನ್ನಿ. ಕಿಟಕಿಯಿಂದ ಬೇಡ.”

ಇಬ್ಬರೂ ಒಟ್ಟಿಗೇ ನಕ್ಕರು. ಆ ನಗುವಿನಲ್ಲಿ ಮೂರು ವರ್ಷದ ಗಂಟೊಂದು ಅವಳೊಳಗೆ ಸದ್ದಿಲ್ಲದೆ ಸಡಿಲವಾಯಿತು.

ಅವಳು ತನ್ನ ಚೀಲದಿಂದ ಒಂಟಿ ತೋಳಿನ ಸ್ವೆಟರನ್ನು ತೆಗೆದು ಅವನ ಬೆನ್ನಿಗೆ ಹಿಡಿದಳು. ಭುಜದಿಂದ ಭುಜಕ್ಕೆ ಸರಿಯಾಗಿ ಕೂತಿತು. ಹಿಗ್ಗಿದ ಟೇಪಿನ ತಪ್ಪು ಅಳತೆ ಎಂಟು ವರ್ಷ ಪೆಟ್ಟಿಗೆಯ ತಳದಲ್ಲಿ ಇವನಿಗಾಗಿ ಕಾದು ಮಲಗಿದ್ದಂತೆ.

“ಇನ್ನೊಂದು ತೋಳು ಹೆಣೀಬೇಕು. ಕೈ ಚಾಚಿ.”

ಅವನು ಚಾಚಿದ. ಹಲಗೆಯ ಮೇಲೆ ಅವನ ಉಕ್ಕಿನ ಟೇಪಿತ್ತು. ಮರದ ಪಟ್ಟಿ ಇತ್ತು. ಅಮ್ಮ ಈಗ ಬೇಡವೆಂದು ಕೊಟ್ಟ ಹಳದಿ ಟೇಪು ಅವಳ ಕೊರಳಲ್ಲಿತ್ತು.

“ಯಾವುದರಲ್ಲಿ ಅಳೀತೀರಿ?”

ಅವಳು ಮೂರನ್ನೂ ಬದಿಗೆ ಸರಿಸಿದಳು. ತನ್ನ ಬಲಗೈಯನ್ನು ಅಗಲವಾಗಿ ಬಿಡಿಸಿ, ಹೆಬ್ಬೆರಳನ್ನು ಅವನ ಭುಜದ ಮೇಲಿಟ್ಟಳು. ಒಂದು ಗೇಣು. ಮೊಣಕೈಯ ಕೆಳಗೆ ಎರಡನೆಯದು. ಮೂರನೆಯ ಗೇಣಿನ ಕಿರುಬೆರಳು ಅವನ ಮಣಿಕಟ್ಟಿನ ನಾಡಿಯ ಮೇಲೆ ಬಂದು ನಿಂತಿತು. ನಾಡಿ ಓಡುತ್ತಿತ್ತು.

“ಎಷ್ಟಾಯ್ತು?”

“ಮೂರು ಗೇಣು.”

“ಸರಿಯಾಗಿ ಅಳೆದ್ರಾ?”

“ಅನುಮಾನ ಇದ್ರೆ ಹೇಳಿ, ಇನ್ನೊಂದ್ಸಲ ಅಳೀತೀನಿ.”

ಅವನು ಚಾಚಿದ ಕೈಯನ್ನು ಹಿಂತೆಗೆಯಲಿಲ್ಲ.

“ಇದೆ.”